ತಪ್ಪೊಪ್ಪಿಕೊಳ್ಳದವನನ್ನೂ ಕ್ಷಮಿಸಬೇಕೇ?

ಸಾಗರ, ಹೊಸನಗರದ ಕಡೆ ಯಾವ ಊರಿನಲ್ಲಾದರೂ ನಡೆಯಬಹುದಾದ ಪ್ರಸಂಗವೊಂದನ್ನು ಇಟ್ಟುಕೊಳ್ಳೋಣ. ಒಣಗಿಸಿಟ್ಟ ಅಡಿಕೆಯಲ್ಲಿ ಒಂದು ಚೀಲ ಕಡಿಮೆ ಬಂತು. ಅಡಿಕೆ ಸುಲಿಯಲು ಕೂತಿದ್ದ ಜನರೆಲ್ಲರ ಎದುರು ಯಜಮಾನ, ಮರ ಹತ್ತಿ ಅಡಿಕೆಗೊನೆ ಇಳಿಸುವ ಕೊನೆಗಾರನನ್ನು ನಿಲ್ಲಿಸಿ ಕಳ್ಳನೆಂದ, ಕೆಲಸದಿಂದ ಬಿಡಿಸಿದ. ವಾರದ ಮೇಲೆ ನೋಡಿದರೆ ಲೆಕ್ಕ ಬರೆದದ್ದೇ ತಪ್ಪು. ಯಜಮಾನ ಏನೂ ಆಗಿಲ್ಲವೆಂಬಂತೆ ಮತ್ತೆ ಕೆಲಸಕ್ಕೆ ಹೇಳಿಕಳುಹಿಸಿದ. ಇಬ್ಬರೂ ಒಂದೇ ಚರ್ಚಿನವರು. ತಮಗೆ ತಪ್ಪು ಮಾಡಿದವರನ್ನು ತಾವು ಕ್ಷಮಿಸುವಂತೆ ತಮ್ಮನ್ನೂ ಕ್ಷಮಿಸು ಎಂದು ಪ್ರತಿ ಭಾನುವಾರ ಒಟ್ಟಿಗೆ ಪ್ರಾರ್ಥಿಸುವವರು.

ಪರ

ಕ್ಷಮಿಸಬೇಕು. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂಬ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮಾತಿನ ಮೇಲೆ ಕ್ರೈಸ್ತರ ಘನತೆಯ ವಿಚಾರ ನಿಂತಿದೆ. ಯಾರೂ ದುಡಿದು ಗಳಿಸಿದ ಘನತೆ ಅದಲ್ಲ; ಕೆಟ್ಟದಾಗಿ ನಡೆದುಕೊಂಡ ಮಾತ್ರಕ್ಕೆ ಅದು ಹೋಗುವುದೂ ಇಲ್ಲ. ಕಳ್ಳನೆನಿಸಿಕೊಂಡ ಕೊನೆಗಾರನಲ್ಲಿ ಎಷ್ಟಿದೆಯೋ ಹಾಗೆಂದ ಯಜಮಾನನಲ್ಲೂ ಅಷ್ಟೇ ಇದೆ. ಗಂಟಲಲ್ಲಿ ಇಳಿಯುವ ಮಾತಲ್ಲ ಇದು, ನಿಜ.

ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಶಿಷ್ಯ ಪೇತ್ರ ಕೇಳಿದಾಗ ಏಳೆಪ್ಪತ್ತು ಸಲ ಎಂದರು ಯೇಸು. ಬೆನ್ನಿಗೇ ಒಂದು ಕಥೆ ಹೇಳಿದರು: ಹತ್ತು ಸಾವಿರ ತಲಾಂತಿನ, ಅಂದರೆ ಜನ್ಮದಲ್ಲಿ ತೀರಿಸಲಾಗದಷ್ಟು, ಸಾಲ ಮನ್ನಾ ಮಾಡಿಸಿಕೊಂಡ ಸೇವಕ, ನೂರು ದಿನದ ಕೂಲಿಯಷ್ಟು ಬಾಕಿಗಾಗಿ ಜೊತೆಯವನ ಕುತ್ತಿಗೆ ಹಿಡಿದ. ಇನ್ನೊಂದು ಮಾತು. ಕ್ಷಮೆಯು ಯಜಮಾನನ ಬಾಯಿಂದ ಬರುವ ಮಾತಿಗೆ ಕಾಯಬೇಕಾದರೆ ಕೊನೆಗಾರನ ನೆಮ್ಮದಿಯೂ ಅವನ ಕೈಗೇ ಸೇರಿತು. ಕೂಲಿ ಹೇಗೂ ಅಲ್ಲಿದೆ, ಇದೂ ಇರಬೇಕೇ?

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಮಲಗಿದ್ದ ವಾಹನದಲ್ಲೇ ಸುಟ್ಟುಹಾಕಿದರು. ಮಕ್ಕಳಿಗೆ 10 ಮತ್ತು 6 ವರ್ಷ. ಕೊಂದವರು ಬಂದು ಕೇಳಿಕೊಳ್ಳಲಿ ಎಂದು ಅವರ ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕಾಯಲಿಲ್ಲ. ಕ್ಷಮಿಸಿದ್ದೇನೆ ಎಂದರು, ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು. ಮೊಕದ್ದಮೆ ತನ್ನ ಪಾಡಿಗೆ ನಡೆಯಿತು; ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮಿಸಿದವರು ನ್ಯಾಯವನ್ನು ಬಿಟ್ಟುಕೊಡಬೇಕಾಗಿಲ್ಲ.

ವಿರೋಧ

ಕ್ಷಮಿಸು ಎಂಬ ಬುದ್ಧಿಮಾತು ಹೋಗುವುದು ಕೊನೆಗಾರನ ಮನೆಗೇ. ಯಜಮಾನನ ಜಗಲಿ ಹತ್ತಿ "ತಪ್ಪಾಯಿತು ಎನ್ನಿ" ಎಂದು ಹೇಳಬಲ್ಲ ಹಿರಿಯರು ಊರಿಗೆ ಎಷ್ಟು ಮಂದಿ?

ಗ್ರಂಥವೂ ಅಷ್ಟು ಸಲೀಸಾಗಿ ಪರದವರ ಕಡೆ ನಿಲ್ಲುವುದಿಲ್ಲ. ಸಹೋದರ ತಪ್ಪು ಮಾಡಿದರೆ ಅವನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎನ್ನುತ್ತದೆ ಲೂಕನ ಸುವಾರ್ತೆಯ 17ನೆಯ ಅಧ್ಯಾಯ. ಆ ಗದರಿಕೆಯ ಭಾಗ ಪ್ರಬೋಧನೆಗಳಲ್ಲಿ ಸದ್ದಿಲ್ಲದೆ ಜಾರಿಹೋಗುತ್ತದೆ. ಹತ್ತು ಸಾವಿರ ತಲಾಂತಿನ ಸೇವಕನೂ ಮೊದಲು ಒಡೆಯನ ಕಾಲಿಗೆ ಬಿದ್ದು ಬೇಡಿಕೊಂಡಿದ್ದ, ಅದನ್ನು ಮರೆಯಬಾರದು. ಬಲಿಪೀಠದ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು ಎಂದಿದ್ದಾರೆ ಯೇಸು. ಎದ್ದು ನಡೆಯಬೇಕಾದವನು ಯಜಮಾನ. ಬೈಬಲಿನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುವೆನೆಂದ. ಬರೀ ಬಾಯಿಮಾತಿನಲ್ಲಿ ಮುಗಿಸಲಿಲ್ಲ. ಇವರನ್ನು ಕ್ಷಮಿಸು ಎಂದು ಯೇಸು ಶಿಲುಬೆಯ ಮೇಲೆ ಮಾಡಿದ ಪ್ರಾರ್ಥನೆಯೂ ತಾವೇನು ಮಾಡುತ್ತಿದ್ದೇವೆಂದು ತಿಳಿಯದವರಿಗಾಗಿ. ಲೆಕ್ಕ ತಪ್ಪಿದ್ದು ಯಜಮಾನನಿಗೆ ಚೆನ್ನಾಗಿಯೇ ತಿಳಿದಿದೆ.

ದೇವಸ್ವರೂಪದ ಮಾತನ್ನು ನಾವೂ ಒಪ್ಪುತ್ತೇವೆ. ಒಪ್ಪುವುದರಿಂದಲೇ ಕೊನೆಗಾರನ ಅವಮಾನ ಅವನೊಬ್ಬನ ಖಾಸಗಿ ಸಂಕಟವಲ್ಲ ಎನ್ನುತ್ತೇವೆ. ಜನರೆದುರು ಹೋದ ಮಾನ, ಅವನು ಮನಸ್ಸಿನೊಳಗೆ ಕ್ಷಮಿಸಿದರೆ ಮರಳುವುದಿಲ್ಲ. ಪಕ್ಕದ ತೋಟದವರು ಮುಂದಿನ ವರ್ಷ ಅವನನ್ನು ಕರೆಯಲು ಹಿಂದೆಮುಂದೆ ನೋಡುತ್ತಾರೆ, ಅವನ ಮಗಳನ್ನು ಶಾಲೆಯಲ್ಲಿ ಯಾರೋ ಆಡಿಕೊಳ್ಳುತ್ತಾರೆ. ಗ್ಲ್ಯಾಡಿಸ್ ಅವರ ದೊಡ್ಡತನಕ್ಕೆ ಎರಡು ಮಾತಿಲ್ಲ. ಆದರೆ ಅಲ್ಲಿ ತನಿಖೆಗೆ ಸಿಬಿಐ ಇತ್ತು, ತೀರ್ಪಿಗೆ ನ್ಯಾಯಾಲಯವಿತ್ತು. ಕಳ್ಳನೆಂದು ಕರೆದುಬಿಟ್ಟ ಒಂದು ಮಾತಿಗಾಗಿ ಕೊನೆಗಾರ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು? ಅವನ ಕೈಯಲ್ಲಿರುವುದು ಇನ್ನೂ ಕೊಡದಿರುವ ಕ್ಷಮೆಯೊಂದೇ. ಅದನ್ನೂ ಕಸಿದುಕೊಂಡು ಪುಣ್ಯದ ಹೆಸರಿಡುವುದು ಸರಿಯಲ್ಲ.

ಹಗೆ ಸಾಧಿಸು ಎನ್ನುತ್ತಿಲ್ಲ. ಯಜಮಾನ ಅದೇ ಅಂಗಳದಲ್ಲಿ, ಅದೇ ಜನರೆದುರು, ತಾನು ಹೇಳಿದ್ದು ಸುಳ್ಳೆಂದು ಹೇಳಲಿ. ತಪ್ಪಿಹೋದ ದಿನಗಳ ಕೂಲಿ ಕೊಡಲಿ. ಅದೂ ಸುಲಿಯುವ ಕೆಲಸ ಮುಗಿಯುವುದರೊಳಗೆ ಆಗಬೇಕು, ಆಮೇಲೆ ಆ ಜನ ಒಟ್ಟಿಗೆ ಸಿಗುವುದಿಲ್ಲ.