‘ಆಡಿ ಆಡಿ ಮಂಡಿ ಸವೆಯಿತು’ ಅನ್ನುವ ಮಾತು

ಐವತ್ತು ದಾಟಿದ ಹಾಕಿ ಆಟಗಾರರೊಬ್ಬರು ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಂಡರೆ ಕೊಡಗಿನಲ್ಲಿ ಒಂದೇ ಮಾತು: ‘ಅಷ್ಟು ವರ್ಷ ಓಡಿದ್ದಲ್ವಾ, ಸವೆದಿರುತ್ತೆ ಬಿಡಿ.’ ಇದನ್ನು ನಂಬಿ ನಲವತ್ತಕ್ಕೇ ಸ್ಟಿಕ್ ಅಟ್ಟಕ್ಕೆ ಹಾಕಿದವರಿದ್ದಾರೆ, ಮಕ್ಕಳನ್ನು ಮೈದಾನಕ್ಕೆ ಬಿಡದವರೂ ಇದ್ದಾರೆ. ಆದರೆ ಮಂಡಿ ಹಾಳಾಗುವ ದಾರಿಯೇ ಬೇರೆ.

ಮಂಡಿಯೊಳಗಿನ ಮೃದ್ವಸ್ಥಿಗೆ, ಅಂದರೆ ಮೂಳೆಗಳ ತುದಿಯ ನುಣುಪಾದ ಹೊದಿಕೆಗೆ, ರಕ್ತನಾಳವಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕಾಲೂರಿದಾಗ ಹಿಂಡಿಕೊಳ್ಳುತ್ತದೆ, ಭಾರ ತೆಗೆದಾಗ ಹೀರಿಕೊಳ್ಳುತ್ತದೆ. ಅಂದರೆ ಓಡಾಟವೇ ಅದರ ಊಟ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೊಂಟ ಅಥವಾ ಮಂಡಿಯ ಸವೆತ ಕಂಡದ್ದು ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5, ಓಡದೆ ಕೂತವರಲ್ಲಿ ಶೇ 10.2, ಸ್ಪರ್ಧಾ ಮಟ್ಟದಲ್ಲಿ ಓಡುವವರಲ್ಲಿ ಶೇ 13.3. ಓಟದ ಈ ಲೆಕ್ಕವನ್ನು ಹಾಕಿಗೆ ಹಾಗೇ ಅಂಟಿಸಲಾಗದು. ಹಾಕಿಯಲ್ಲಿ ತಟ್ಟನೆ ನಿಲ್ಲಬೇಕು, ಬಗ್ಗಬೇಕು, ತಿರುಗಬೇಕು. ಗಂಡಾಂತರ ಇರುವುದು ಆ ತಿರುವಿನಲ್ಲಿ.

ಏಪ್ರಿಲ್ ಬಿಸಿಲಿಗೆ ಕಲ್ಲಾದ ಮೈದಾನ. ಡಿಫೆಂಡರ್ ಎಡಗಾಲನ್ನು ಬಿಗಿಯಾಗಿ ಊರಿದ್ದಾನೆ, ಎದುರಾಳಿ ಚೆಂಡನ್ನು ಬಲಕ್ಕೆ ಎಳೆದ. ಇವನ ಮೈ ತಿರುಗಿತು, ಬೂಟು ನೆಲ ಬಿಡಲಿಲ್ಲ, ಮಂಡಿ ಒಳಕ್ಕೆ ವಾಲಿತು. ‘ಟಕ್’ ಎಂದದ್ದು ಅವನಿಗೇ ಕೇಳಿಸುತ್ತದೆ. ಹರಿದದ್ದು ಎಸಿಎಲ್ ಎಂಬ, ಮಂಡಿಯ ನಡುವೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್, ಕೆಲವೊಮ್ಮೆ ಜೊತೆಗೆ ಮೆನಿಸ್ಕಸ್ ಎಂಬ, ಮೂಳೆಗಳ ನಡುವಿನ ಮೆತ್ತೆ ಕೂಡ. ಎಸಿಎಲ್ ಅಥವಾ ಮೆನಿಸ್ಕಸ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 10ರಿಂದ 20 ವರ್ಷದೊಳಗೆ ಮಂಡಿ ಸವೆತ ಕಾಣಿಸಿಕೊಳ್ಳುತ್ತದೆ. ಇಪ್ಪತ್ತೈದಕ್ಕೆ ಬಿದ್ದ ಪೆಟ್ಟು ನಲವತ್ತಕ್ಕೆ ಬಾಕಿ ಕೇಳುತ್ತದೆ, ನಾವು ದೂರುವುದು ಮಾತ್ರ ಆಟವನ್ನು.

ಆಮೇಲೆ ನಡೆಯುವುದೇ ನನಗೆ ಹೆಚ್ಚು ಸಂಕಟದ ವಿಷಯ. ಎಣ್ಣೆ ಹಾಕಿ ನೀವುವುದು, ಕ್ರೇಪ್ ಬ್ಯಾಂಡೇಜ್ ಬಿಗಿದು ನೋವಿನ ಮಾತ್ರೆ ನುಂಗಿಸಿ ದ್ವಿತೀಯಾರ್ಧಕ್ಕೆ ಇಳಿಸುವುದು. ದಯವಿಟ್ಟು ಗಡಿಯಾರ ನೋಡಿ. ಪೆಟ್ಟಾಗಿ ಎರಡು ಗಂಟೆಯೊಳಗೆ ಮಂಡಿ ಊದಿದರೆ ಒಳಗೆ ರಕ್ತ ತುಂಬಿದೆ ಎಂದೇ ತಿಳಿಯಿರಿ, ಎಸಿಎಲ್ ಹರಿದಿರುವ ಸಾಧ್ಯತೆ ಬಹಳ. ಮರುದಿನ ನಿಧಾನಕ್ಕೆ ಊದಿದರೆ, ಮಂಡಿ ಮಧ್ಯೆ ಸಿಕ್ಕಿಹಾಕಿಕೊಂಡಂತಾದರೆ ಮೆನಿಸ್ಕಸ್ ಮೇಲೆ ಅನುಮಾನ. ಎಕ್ಸ್‌ರೇಯಲ್ಲಿ ‘ಮೂಳೆ ಮುರಿದಿಲ್ಲ’ ಎಂದು ಬಂದ ಮಾತ್ರಕ್ಕೆ ನಿರಾಳವಾಗಬೇಡಿ, ಲಿಗಮೆಂಟ್ ಅದರಲ್ಲಿ ಕಾಣುವುದೇ ಇಲ್ಲ. ಮೂಳೆ ಡಾಕ್ಟರು ಕೈಯಿಂದ ಮಂಡಿ ಎಳೆದು ಪರೀಕ್ಷಿಸಬೇಕು, ಬೇಕಾದರೆ ಎಂಆರ್‌ಐ. ಮೂರು ವಾರಕ್ಕೆ ಊತ ಇಳಿದು ನೇರ ರಸ್ತೆಯಲ್ಲಿ ಸಲೀಸಾಗಿ ನಡೆಯಬಹುದು. ಆದರೆ ತೋಟದ ಇಳಿಜಾರಿನಲ್ಲಿ ತಿರುಗಿದಾಗ ಮಂಡಿ ಜಾರಿದಂತಾದರೆ, ಹಾಗೆ ಜಾರಿದಾಗಲೆಲ್ಲ ಒಳಗಿನ ಮೆನಿಸ್ಕಸ್‌ಗೆ ಇನ್ನಷ್ಟು ಪೆಟ್ಟಾಗುವ ಭಯವಿದೆ.

ಹರಿದ ಎಸಿಎಲ್‌ಗೆ ಆಪರೇಷನ್ ಆಯ್ತಲ್ಲ, ಇನ್ನು ಸವೆಯುವುದಿಲ್ಲ ಎಂಬ ಧೈರ್ಯವೂ ಬೇಡ. ಮಂಡಿ ಸ್ಥಿರವಾಗುತ್ತದೆ, ಸವೆತದ ಅಪಾಯ ಪೂರ್ತಿ ಹೋಗುವುದಿಲ್ಲ. ಆಪರೇಷನ್ ಆಗಿ 9 ತಿಂಗಳಿಗೆ ಮೊದಲು, ಆ ಕಾಲಿನ ತೊಡೆಯ ಬಲ ಇನ್ನೊಂದರ ಶೇ 90ಕ್ಕೆ ಬರುವ ಮೊದಲು ಮೈದಾನಕ್ಕೆ ಇಳಿಯಬಾರದು. ‘ಈ ಸಲದ ಕಪ್ ಒಂದು ಆಡಿಬಿಡ್ತೀನಿ’ ಎಂದು ಆರನೇ ತಿಂಗಳಿಗೇ ಇಳಿದರೆ ಮತ್ತೆ ಹರಿಯುವ ಭಯ ಹೆಚ್ಚು.

1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಗೆ 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳ ತಂಡ ಬಂದವು. ಅಪ್ಪ, ಮಗಳು, ಸೊಸೆ ಒಂದೇ ತಂಡದಲ್ಲಿ ಆಡುವ ಇಂಥ ಹಬ್ಬ ಬೇರೆಲ್ಲಿದೆ? ಆದರೆ ಹನ್ನೊಂದು ತಿಂಗಳು ಬೆಂಗಳೂರಿನ ಕುರ್ಚಿಯಲ್ಲಿ ಕೂತು ನೇರ ಪಂದ್ಯಕ್ಕೆ ಬಂದು ನಿಂತರೆ ಮಂಡಿ ಏನು ಮಾಡಬೇಕು? ಫೆಬ್ರವರಿಯಲ್ಲೇ ಶುರು ಮಾಡಿ, ವಾರಕ್ಕೆ ಮೂರು ದಿನ ಸಾಕು. ಊಟದ ಕುರ್ಚಿಯಿಂದ ಕೈ ಊರದೆ ಎದ್ದು, ಮೂರು ಎಣಿಸುತ್ತಾ ನಿಧಾನಕ್ಕೆ ಕೂರಿ: ಹತ್ತರಂತೆ ಮೂರು ಸಲ. ಮಂಡಿ ಕಾಲ್ಬೆರಳಿನ ನೇರಕ್ಕಿರಲಿ, ಒಳಗೆ ವಾಲಿದರೆ ಅದೇ ಮೈದಾನದಲ್ಲೂ ವಾಲುವುದು. ಒಂಟಿ ಕಾಲಿನಲ್ಲಿ 30 ಸೆಕೆಂಡ್ ನಿಲ್ಲಿ. ತೊಡೆಯ ಹಿಂಭಾಗಕ್ಕೆ, ಮಂಡಿಯೂರಿ ನಿಂತವರ ಕಣಕಾಲನ್ನು ಇನ್ನೊಬ್ಬರು ಒತ್ತಿ ಹಿಡಿಯಲಿ, ಬೆನ್ನು ನೆಟ್ಟಗಿಟ್ಟು ಮುಂದಕ್ಕೆ ನಿಧಾನಕ್ಕೆ ಬಾಗಲಿ. ಮೊದಲ ವಾರ ಐದು ಸಲಕ್ಕಿಂತ ಹೆಚ್ಚು ಬೇಡ, ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದೆ. ಜಿಗಿದು ಇಳಿಯುವುದು, ಅಡ್ಡಡ್ಡ ಓಡಿ ನಿಲ್ಲುವುದು ಐದನೇ ವಾರದಿಂದ. ಪಂದ್ಯದ ದಿನ 20 ನಿಮಿಷ ವಾರ್ಮ್‌ಅಪ್.

ಈಗಾಗಲೇ ಸವೆತ ಇರುವವರೂ ಕೂತುಬಿಡಬೇಡಿ. ಹತ್ತಕ್ಕೆ ಮೂರರಷ್ಟು ನೋವು ಬಂದು 24 ಗಂಟೆಯೊಳಗೆ ಇಳಿದರೆ ಆ ವ್ಯಾಯಾಮ ಸರಿಯಾಗಿದೆ, ರಾತ್ರಿ ಊದಿದರೆ ಮುಂದಿನ ಸಲ ಅರ್ಧ ಮಾಡಿ. ಮೈಯ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಸ್ಟಿಕ್ ಮುಟ್ಟಿಯೇ ಇರದ, ಕುಕ್ಕರಗಾಲಲ್ಲಿ ಕೂತು ಎದ್ದು, ಕಾಫಿ ಹಣ್ಣಿನ ಮೂಟೆ ಹೊತ್ತು ಇಳಿಜಾರು ಹತ್ತಿಳಿಯುವ ತೋಟದ ಹೆಂಗಸರ ಮಂಡಿಯೂ ಸವೆಯುತ್ತದೆ. ಅವರ ನೋವಿಗೆ ಯಾರೂ ಕಾರಣ ಹುಡುಕುವುದಿಲ್ಲ. ಚಿಕ್ಕ ಮೂಟೆ, ಕೂರಲು ಒಂದು ಮಣೆ, ಇಳಿಯುವಾಗ ಕೈಗೆ ಕೋಲು ಕೊಡುವುದು ತೋಟದ ಯಜಮಾನರಿಗೆ ಹೊರೆಯೇನಲ್ಲ.

ಈ ವರ್ಷ ತಂಡ ಕಟ್ಟುವವರಲ್ಲಿ ನನ್ನ ಬೇಡಿಕೆ ಎರಡೇ. ಬೆಂಚಿನ ಪಕ್ಕ ಐಸ್ ಡಬ್ಬಿಯೊಂದಿರಲಿ, ಬಟ್ಟೆ ಸುತ್ತಿ 15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಮತ್ತೆ, ಮಂಡಿ ಊದಿದವರು ಎಷ್ಟೇ ಹಟ ಹಿಡಿದರೂ, ಫೈನಲ್ ಆದರೂ ಸರಿ, ಆ ದಿನ ಒಳಗೆ ಬಿಡಬೇಡಿ.