ಹತ್ತು ಸೆಕೆಂಡಿನ ವಿದ್ಯೆ

ಬೆಳಗ್ಗೆ ತುಮಕೂರು ಹತ್ತಿರದ ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಹೋಗಿದ್ದೆ. ಗೇಟಲ್ಲೇ ‘ಹಸಿರು ನಾವೀನ್ಯತೆ’ ಅಂತ ಆಳೆತ್ತರದ ಫ್ಲೆಕ್ಸು. ಕೆಳಗೊಂದು ಹೊಂಗೆ ಸಸಿ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ನೆಟ್ಟಿದ್ದಾರೆ ಪುಣ್ಯಾತ್ಮರು!

ಸಸಿ ಹೋಗಲಿ. ಒಳಗೆ ಲಕ್ಷಗಟ್ಟಲೆ ಸುರಿದು ತಂದ, ನೀರು ಶುದ್ಧ ಮಾಡುವ ಆರ್‌ಒ ಪ್ಲಾಂಟ್ ಇದೆ, ನಿಂತು ಮೂರು ತಿಂಗಳಾಗಿದೆ. “ಮೆಂಬ್ರೇನ್ ಕಟ್ಟಿಕೊಂಡಿದೆ ಸಾರ್, ಮಷೀನ್ ಕೊಟ್ಟವರೇ ಬರಬೇಕು” ಅಂದ ಅಲ್ಲಿನ ಹುಡುಗ. ಮೆಂಬ್ರೇನ್ ಅಂದರೆ ನೀರು ಸೋಸುವ ಪೊರೆ. ಅದು ಯಾಕೆ ಕಟ್ಟಿಕೊಂಡಿತು ಅಂತ ಹೇಳುವವರು ಇಡೀ ಫ್ಯಾಕ್ಟರಿಯಲ್ಲಿ ಒಬ್ಬರಿಲ್ಲ.

ನಾನು ಲೋಹದ ಸಾಮಾನಿಗೆ ನಿಕಲ್ ಲೇಪ ಹಾಕುವ ಪ್ಲೇಟಿಂಗ್ ಶಾಪ್‌ನಲ್ಲಿ ಸವೆದವನು. ನಿಕಲ್ ಟ್ಯಾಂಕಿಂದ ಜಿಗ್ (ಸಾಮಾನು ನೇತುಹಾಕುವ ಚೌಕಟ್ಟು) ಎತ್ತಿದವರು ತಕ್ಷಣ ತೊಳೆಯುವ ನೀರಿಗೆ ಅದ್ದಿದರೆ ಅಂಟಿಕೊಂಡ ಸೊಲ್ಯೂಷನ್ ಎಲ್ಲ ನೀರುಪಾಲು. ಹತ್ತು ಸೆಕೆಂಡು ಟ್ಯಾಂಕ್ ಮೇಲೇ ಹಿಡಿದರೆ ಸಾಕು, ಬಹಳಷ್ಟು ತೊಟ್ಟಿಕ್ಕಿ ವಾಪಸ್ ಅಲ್ಲಿಗೇ ಬೀಳುತ್ತದೆ. ನಿಕಲ್ಲೂ ಉಳಿಯಿತು, ಇಟಿಪಿಯಲ್ಲಿ, ಅಂದರೆ ಫ್ಯಾಕ್ಟರಿಯ ಕೊಳೆನೀರು ಶುದ್ಧ ಮಾಡುವ ಘಟಕದಲ್ಲಿ, ಸ್ಲಡ್ಜು ಅನ್ನುವ ಕೆಸರೂ ಕಮ್ಮಿ. ಇದನ್ನು ಹೇಳಿದ್ದು ಕಾಂಟ್ರ್ಯಾಕ್ಟ್ ಮೇಲಿದ್ದ ಕೊರಟಗೆರೆ ಕಡೆಯ ಹುಡುಗ. ತೊಳೆಯೋಕೆ ಮೂರು ಟ್ಯಾಂಕ್ ಸಾಲಾಗಿಟ್ಟು, ಹೊಸ ನೀರನ್ನು ಕೊನೆಯದಕ್ಕೆ ಮಾತ್ರ ಬಿಟ್ಟು ಹಿಂದಕ್ಕೆ ಹರಿಸೋಣ ಅಂತಲೂ ಅವನೇ ಹೇಳಿದ್ದು, ಅದರಿಂದ ನೀರು ಎಷ್ಟು ಉಳಿಯುತ್ತೆ ಅಂತ ಆ ಕೆಲಸ ಗೊತ್ತಿದ್ದವರನ್ನು ಕೇಳಿ ನೋಡಿ.

“ಸುಮ್ನೆ ಕೆಲಸ ನೋಡಪ್ಪ, ಟಾರ್ಗೆಟ್ ಇದೆ” ಅಂದವನು ಯಾರು? ನಾನೇ. ಸೂಪರ್‌ವೈಸರ್ ಕುರ್ಚಿಯ ಕೊಬ್ಬು. ನನಗೆ ಬುದ್ಧಿ ಬರುವಷ್ಟರಲ್ಲಿ ಅವನ ಕಾಂಟ್ರ್ಯಾಕ್ಟ್ ಮುಗಿದಿತ್ತು. ವಿದ್ಯೆಯೂ ಅವನ ಜೊತೆಗೇ ಬಸ್ ಹತ್ತಿತು.

ಎಂಬಿಎ ಓದುವ ಅಕ್ಕನ ಮಗ ಹೇಳಿದ, ಕೊಹೆನ್ ಮತ್ತು ಲೆವಿಂಥಾಲ್ ಅನ್ನುವವರು 1990ರಲ್ಲೇ ಬರೆದಿದ್ದಾರಂತೆ, ಹೊರಗಿನ ತಿಳಿವಳಿಕೆ ಕಂಪನಿಗೆ ದಕ್ಕಬೇಕಾದರೆ ಒಳಗೆ ಮೊದಲೇ ಒಂದಿಷ್ಟು ತಿಳಿವಳಿಕೆ ಇರಬೇಕು ಅಂತ. ಹೆಪ್ಪಿಲ್ಲದೆ ಹಾಲು ಮೊಸರಾಗುತ್ತಾ? ಬೆಳಗ್ಗೆ ನೋಡಿದ ಫ್ಯಾಕ್ಟರಿಯ ರಿಸೆಪ್ಷನ್‌ನಲ್ಲಿ ಪರಿಸರ ನಿರ್ವಹಣೆಯ ಐಎಸ್‌ಒ 14001 ಸರ್ಟಿಫಿಕೇಟಿಗೆ ಚಿನ್ನದ ಫ್ರೇಮ್ ಬೇರೆ. ಅದರ 2015ರ ಆವೃತ್ತಿಯ 7.2ರಲ್ಲಿ ಕೆಲಸ ಮಾಡುವವರಿಗೆ ಆ ಕೆಲಸ ಬರಬೇಕು ಅಂತಲೇ ಇದೆ. ಫ್ರೇಮ್ ಒರೆಸುವವರು ಯಾರೂ ಓದಿಲ್ಲ ಅಷ್ಟೇ.

“ಸಣ್ಣ ಕಂಪನಿ, ದುಡ್ಡೆಲ್ಲಿಂದ ತರೋದು” ಅಂತ ಕೆಲವರು ಈಗ ಕಾಮೆಂಟಿಗೆ ಬರುತ್ತೀರಿ. ಆರ್‌ಒಗೆ ಇತ್ತಲ್ಲ ಸ್ವಾಮಿ? ಹತ್ತು ಸೆಕೆಂಡಿಗೆ ಎಷ್ಟಾಗುತ್ತೆ? ಪ್ರೊಡಕ್ಷನ್ ಬೀಳುತ್ತೆ ಅನ್ನೋದಾದರೆ ಟ್ಯಾಂಕ್ ಮೇಲೆ ಒಂದು ಅಡ್ಡಪಟ್ಟಿ ಕಟ್ಟಿ, ಜಿಗ್ ನೇತುಹಾಕಿ, ಮುಂದಿನದಕ್ಕೆ ಕೈ ಹಾಕಿ. ಮುಗೀತು.

ಹೊರಡುವಾಗ ಆ ಆರ್‌ಒ ಹುಡುಗನನ್ನು ಕೇಳಿದೆ, ಪರ್ಮನೆಂಟಾ ಅಂತ.

“ಇಲ್ಲ ಸಾರ್. ಮುಂದಿನ ತಿಂಗಳಿಗೆ ಮುಗಿಯುತ್ತೆ.”