ಮಳೆಗೆ ಬಿಲ್ ಇಲ್ಲ

ಹಿರಿಯೂರಿಗೆ ಮಳೆ ಬರೋದೇ ಅಪರೂಪ. ಬಂದ ದಿನವೇ ನಾನು ಹೆದ್ದಾರಿಯಲ್ಲಿದ್ದೆ. ವೈಪರ್ ಸೋತು, ಕಾರು ಬದಿಗೆ ಹಾಕಿ ನೋಡಿದರೆ ಎದುರಿಗೊಂದು ನೀರಿನ ಟ್ಯಾಂಕರ್. ಗೊಬ್ಬರದ ಚೀಲವನ್ನು ಗೊಪ್ಪೆ ಹಾಕಿಕೊಂಡ ಹುಡುಗನೊಬ್ಬ ಧೋ ಎನ್ನುವ ಮಳೆಯಲ್ಲಿ ಡಿವೈಡರ್ ಮೇಲಿನ ಕಾಗದದ ಹೂವಿನ ಗಿಡಗಳಿಗೆ ಪೈಪ್ ಹಿಡಿದು ನಿಂತಿದ್ದ.

‘ಮಳೆ ಬರ್ತಿದೆಯಲ್ಲಪ್ಪಾ?’

‘ದಿನಕ್ಕೆ ಇಷ್ಟು ಟ್ರಿಪ್ ಅಂತ ಲೆಕ್ಕ ಸಾರ್. ಮಳೆಗೆ ಬಿಲ್ ಇಲ್ವಲ್ಲ!’

ನಗಬೇಡಿ. ವರುಣದೇವ ಟೆಂಡರ್ ಹಾಕಿದ್ದಾನಾ? ಠೇವಣಿ ಕಟ್ಟಿದ್ದಾನಾ? ಜಿಎಸ್‌ಟಿ ನಂಬರ್ ಇದೆಯಾ? ಬೇಕಾಬಿಟ್ಟಿ ಸುರಿಯುವವನನ್ನು ನಂಬಿ ಹೆದ್ದಾರಿ ನಡೆಸೋಕಾಗುತ್ತಾ? 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಯೋಜನಾ ವೆಚ್ಚದ ಶೇ 1ರಷ್ಟು ಹಸಿರಿಗೇ ಮೀಸಲು. ಮೀಸಲಿಟ್ಟ ಮೇಲೆ ಖರ್ಚಾಗಬೇಡವೇ?

ಕಾಗದದ ಹೂ ದಕ್ಷಿಣ ಅಮೆರಿಕದಿಂದ ಬಂದ ಅತಿಥಿ. ದನ ತಿನ್ನಲ್ಲ, ಎದುರಿನ ಹೆಡ್‌ಲೈಟ್ ಕಣ್ಣಿಗೆ ಬಡಿಯಲ್ಲ. ಒಪ್ಪಿದೆ, ಡಿವೈಡರ್ ಅದಕ್ಕೇ ಇರಲಿ. ಆದರೆ ರಸ್ತೆಯ ಅಂಚಿನಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯೋ ತಂಗಡಿ, ತುಂಬೆ, ಉತ್ತರಾಣಿ, ಕಾಚಿಹುಲ್ಲು ಮಾಡಿದ ಪಾಪವೇನು? ಬಿಲ್ ಆಗದಿರುವುದೇ ಪಾಪ. ಅದಕ್ಕೇ ವರ್ಷಕ್ಕೊಮ್ಮೆ ‘ಜಂಗಲ್ ಕಟಿಂಗ್’. ಮೊಣಕಾಲೆತ್ತರದ ತುಂಬೆಗಿಡ ನಮ್ಮ ಕಡತದಲ್ಲಿ ಜಂಗಲ್! ಪಕ್ಕದ ತೆಲಂಗಾಣದವರು ತಂಗಡಿಯನ್ನು ರಾಜ್ಯಪುಷ್ಪ ಮಾಡಿಕೊಂಡು ಕೂತಿದ್ದಾರೆ. ನಾವು ಅದಕ್ಕೆ ಜೆಸಿಬಿ ಸನ್ಮಾನ ಮಾಡುತ್ತೇವೆ.

ಕೆರೆದ ನೆಲ ಖಾಲಿ ಇರುತ್ತದೆಯೇ? ಕಾಂಗ್ರೆಸ್ ಗಿಡ ಬಂದು ಕೂರುತ್ತದೆ. (ಯಾವ ಪಕ್ಷದ ಸರ್ಕಾರವಿದ್ದರೂ.) ಇದೂ ಅಮೆರಿಕ ಖಂಡದ್ದೇ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವಿಡೀ ಹಬ್ಬಿತು. ಅದನ್ನು ತಿನ್ನಿಸಲು ಮೆಕ್ಸಿಕೊದಿಂದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಪಾಪ, ಆ ದುಂಬಿ ಮಳೆಗಾಲ ಬಂದರೆ ಎದ್ದು ಇವತ್ತಿಗೂ ಎಲೆ ತಿನ್ನುತ್ತಿದೆ. ಭತ್ಯೆ ಕೇಳಿಲ್ಲ, ವರ್ಗಾವಣೆ ಕೇಳಿಲ್ಲ. ಒಂದು ಕಡೆ ಅದು ತಿನ್ನುತ್ತಿದ್ದರೆ ಇನ್ನೊಂದು ಕಡೆ ನಾವು ಜೆಸಿಬಿಯಲ್ಲಿ ಹೊಸ ಪಾತಿ ಮಾಡಿ ಕೊಡುತ್ತಿದ್ದೇವೆ.

ಅಮೆರಿಕದಿಂದ ಕಳೆ ತಂದವರು ಅಲ್ಲಿನ ಬುದ್ಧಿಯನ್ನೂ ಒಂದಿಷ್ಟು ತರಬಹುದಿತ್ತು. ಅಯೋವಾ ರಾಜ್ಯದಲ್ಲಿ ಹುಲ್ಲುಗಾವಲನ್ನೆಲ್ಲ ಉತ್ತು ಮೆಕ್ಕೆಜೋಳ, ಸೋಯಾ ಹಾಕಿ ಶೇ 99.9ರಷ್ಟು ಮುಗಿಸಿದರು. ಆಮೇಲೆ ಜ್ಞಾನೋದಯವಾಗಿ, ರಸ್ತೆಯಂಚಿನಲ್ಲಾದರೂ ನಾಡಹುಲ್ಲು ಉಳಿಯಲಿ ಅಂತ 1988ರಲ್ಲಿ ಕಾನೂನು ಮಾಡಿದರು. ಈಗ ಮುಖ್ಯ ಹೆದ್ದಾರಿಗಳ ಬದಿಯ ಹುಲ್ಲನ್ನು ಜುಲೈ 15ರ ಮೊದಲು, ತೀರಾ ಅಗತ್ಯವಿಲ್ಲದೆ, ಕತ್ತರಿಸುವ ಹಾಗಿಲ್ಲ. ಹಕ್ಕಿಗಳು ಗೂಡು ಕಟ್ಟಿರುತ್ತವಂತೆ! ಯಾವ ಹುಲ್ಲಿನ ಬೇರು ದಿಣ್ಣೆ ಹಿಡಿಯುತ್ತೆ, ಯಾವಾಗ ಕೊಯ್ದರೆ ಬೀಜ ಉಳಿಯುತ್ತೆ ಅಂತ ಅಲ್ಲಿ ವಿಶ್ವವಿದ್ಯಾಲಯದವರು ಕೂತು ನೋಡುತ್ತಾರೆ.

ಇಲ್ಲಿ ಇದು ಕುರಿ ಕಾಯುವ ಯಾವ ಅಜ್ಜನನ್ನು ಕೇಳಿದರೂ ಗೊತ್ತು. ಕೇಳುವವರಿಲ್ಲ. ಹುಲ್ಲು ಬೆಳೆದ ನೆಲವನ್ನು ಪಾಳು ಅಂತ ಬರೆದುಕೊಂಡ ಸರ್ಕಾರಗಳು ಅಮೃತ್ ಮಹಲ್ ದನಗಳು ಮೇಯಲೆಂದು ಮೀಸಲಿದ್ದ ಕಾವಲುಗಳನ್ನೇ ಎಕರೆ ಲೆಕ್ಕದಲ್ಲಿ ಹಂಚಿ ಕೈತೊಳೆದುಕೊಂಡವು. ಇನ್ನು ರಸ್ತೆ ಪಕ್ಕದ ನಾಲ್ಕು ಮಾರು ಯಾವ ಲೆಕ್ಕ? ಬರೆದೂ ಬರೆದೂ ಸಾಕಾಗಿದೆ.

ಕಳೆದ ದೀಪಾವಳಿಗೆ ದಾವಣಗೆರೆಯಲ್ಲಿದ್ದೆ. ಸಂತೆಯಲ್ಲಿ ಒಂದು ಹಿಡಿ ತಂಗಡಿ ಹೂ, ನಾಲ್ಕು ಉತ್ತರಾಣಿ ಕಡ್ಡಿಗೆ ನಲವತ್ತು ರೂಪಾಯಿ ಅಂದಳು ಅಜ್ಜಿ. ‘ದಾರೀಲಿ ಬೆಳೆಯೋದಕ್ಕೆ ಇಷ್ಟೊಂದಾ ಅಮ್ಮಾ?’ ಅಂದೆ.

‘ದಾರೀಲಿ ಈಗ ಎಲ್ಲೈತಿ ಯಪ್ಪಾ, ಎಲ್ಲಾ ಕೆರೆದು ಹಾಕ್ಯಾರ. ಬೇಕಂದ್ರ ಆ ಕಾಗದದ ಹೂ ಕಿತ್ಕಂಡು ಹೋಗು, ಪುಗಸಟ್ಟೆ.’